ಕಾಲುವೆ ದಂಡೆಯ ಕೆಮ್ಮು

ನಮ್ಮಪ್ಪನಿಗೆ ಎರಡು ಬಗೆಯ ಕೆಮ್ಮುಗಳಿದ್ದವು. ಒಂದು, ಚಳಿಗಾಲದಲ್ಲಿ ಬಂದು ಅವ್ವ ಕುದಿಸಿಕೊಡುತ್ತಿದ್ದ ಶುಂಠಿ ಮೆಣಸಿನ ಕಷಾಯಕ್ಕೆ ಹೆದರಿ ಓಡಿಹೋಗುತ್ತಿದ್ದ ಕೆಮ್ಮು. ಇನ್ನೊಂದು, ಯಾವ ಕಷಾಯಕ್ಕೂ ಬಗ್ಗದೆ ವರ್ಷವಿಡೀ ಮನೆಯಲ್ಲೇ ಠಿಕಾಣಿ ಹೂಡಿ, ಅವನು ಸಂಜೆ ಹೊಲದಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ ಹೊಸ್ತಿಲ ಹೊರಗೆ ಕೇಳಿಸುತ್ತಿದ್ದ ಕೆಮ್ಮು. ಚಿಕ್ಕವಳಿದ್ದಾಗ ನನಗೆ ಇವೆರಡರ ಭೇದ ತಿಳಿಯುತ್ತಿರಲಿಲ್ಲ. ಒಮ್ಮೆ ಅಪ್ಪನ ಮೇಲಿನ ಅಕ್ಕರೆ ಉಕ್ಕಿ, ಬಟ್ಟಲಲ್ಲಿ ಕಷಾಯ ಹಿಡಿದುಕೊಂಡು ಬಾಗಿಲಿಗೆ ಓಡಿದ್ದೆ. ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಅಜ್ಜಿ ಬಿದ್ದು ಬಿದ್ದು ನಕ್ಕಳು. "ಅದು ಎದಿ ಕೆಮ್ಮಲ್ಲ ನನ್ನವ್ವಾ, ಮರ್ಯಾದಿ ಕೆಮ್ಮು. ಒಳಗ ನಿಮ್ಮ ಚಿಗವ್ವ ಜಳಕ ಮಾಡಾಕತ್ಯಾಳ," ಎಂದಳು.

ನಮ್ಮ ಮನೆಯ ಬಚ್ಚಲಿಗೆ ಎದೆಮಟ್ಟದ ಗೋಡೆಯಿತ್ತೇ ಹೊರತು ಬಾಗಿಲಿರಲಿಲ್ಲ. ಆ ಇಲ್ಲದ ಬಾಗಿಲಿನ ಕೆಲಸವನ್ನು ಅಪ್ಪನ ಕೆಮ್ಮು ಮಾಡುತ್ತಿತ್ತು. ಅವನು ಕೆಮ್ಮಿ ಹೊರಗೇ ನಿಲ್ಲುವುದು, ಒಳಗಿನಿಂದ ಅಜ್ಜಿಯೋ ಅವ್ವನೋ "ಬಾ" ಎನ್ನುವುದು, ಆಮೇಲೆ ಅವನು ಒಳಗೆ ಕಾಲಿಡುವುದು. ತಾನು ಕಟ್ಟಿಸಿದ ಮನೆಗೆ ತಾನೇ ಅಪ್ಪಣೆ ಕೇಳಿ ಹೋಗುವ ಈ ಗೌಡಿಕೆಯಲ್ಲಿ ಅಪ್ಪನಿಗೆ ಯಾವ ಕೊರತೆಯೂ ಕಂಡಿರಲಿಲ್ಲ. ಬಚ್ಚಲಿಗೆ ತಗಡಿನ ಬಾಗಿಲು ಬಂದ ಮೇಲೂ ಅವನು ಕೆಮ್ಮುವುದನ್ನು ಬಿಡಲಿಲ್ಲ.

ನಮ್ಮ ಶಹಾಪುರದ ಕಡೆ ಕಾಲುವೆ ಬಂದಾಗ ಬತ್ತ ಬಂತು, ಬತ್ತದ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಡಾಕ್ಟರು ಬಂದರು ಎಂದು ನಮ್ಮ ಹಿರಿಯರು ನಗೆಯಾಡುತ್ತಾರೆ. ಈ ಸಾಲಿನಲ್ಲಿ ಅವರು ಸೇರಿಸಲು ಮರೆಯುವುದು ಕೆಮ್ಮನ್ನು. ಹೊಸ್ತಿಲಲ್ಲಿ ನಿಂತಿದ್ದ ಕೆಮ್ಮು, ಹೆಣ್ಣುಮಕ್ಕಳು ಬಟ್ಟೆಯ ಗಂಟು ಹೊತ್ತು ನೀರಿದ್ದಲ್ಲಿಗೆ ಹೋದಾಗ, ತಾನೂ ಅವರ ಹಿಂದೆ ಕಾಲುವೆಯ ದಂಡೆಗೆ ಹೋಯಿತು. ನಾಟಿ ಹಚ್ಚಿ, ಮೊಣಕಾಲುಮಟ ಕೆಸರಾಗಿ, ಸೊಂಟ ಹಿಡಿದುಕೊಂಡು ಗದ್ದೆಯಿಂದ ಎದ್ದ ಹೆಂಗಸರು ಮೆಟ್ಟಿಲಿಳಿದು ಬಟ್ಟೆ ಒಗೆದು, ಮೈಮೇಲೆ ನೀರು ಹಾಕಿಕೊಳ್ಳುವ ಹೊತ್ತಿನಲ್ಲಿ ದಂಡೆಯ ಹಾದಿಯಲ್ಲಿ ಬರುವ ಗಂಡಸು ದೂರದಲ್ಲೇ ಕೆಮ್ಮುತ್ತಾನೆ, ಇಲ್ಲವೇ "ಹೊಂಟೇನ್ರೆವ್ವಾ" ಎಂದು ಕೂಗಿ ನಿಲ್ಲುತ್ತಾನೆ. ಕೆಳಗಿನಿಂದ "ಹೋಗ್ರಿ" ಎಂಬ ಉತ್ತರ ಬಂದ ಮೇಲೆ ಮುಖವನ್ನು ಗದ್ದೆಯ ಕಡೆ ತಿರುಗಿಸಿಕೊಂಡು ದಾಟುತ್ತಾನೆ. ಇದನ್ನು ಯಾರೂ ಯಾರಿಗೂ ಕಲಿಸಲಿಲ್ಲ, ಯಾವ ಬೋರ್ಡಿನ ಮೇಲೂ ಬರೆಸಲಿಲ್ಲ. ಆದರೂ ಸೈಕಲ್ಲಿನವನು ಗಂಟೆ ಬಾರಿಸಿದ, ಟ್ರ್ಯಾಕ್ಟರಿನವನು ಹಾರನ್ ಹೊಡೆದ, ಮೊಳಕೆ ಮೀಸೆಯ ಹೈದನೂ ಇಲ್ಲದ ಕೆಮ್ಮನ್ನು ಗಂಟಲಿಗೆ ತಂದುಕೊಂಡ.

ನಾನು ವಕೀಲೆ. ಕರಿಕೋಟಿನೊಳಗೆ ನೂಲಿನ ಸೀರೆ ಉಟ್ಟು, ಶಹಾಪುರದ ಒಂದು ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುತ್ತೇನೆ. ಯೂರಿಯಾದ ವಾಸನೆಗೆ ನನ್ನ ಮೂಗು ಒಗ್ಗಿಹೋಗಿದೆ, ಮೆಟ್ಟಿಲು ಹತ್ತಿ ಬಂದವರು ನನ್ನನ್ನೇ ನೋಡುತ್ತಾ "ವಕೀಲ್ ಸಾಹೇಬ್ರು ಯಾವಾಗ ಬರ್ತಾರ್ರಿ ಬಾಯಾರ?" ಎಂದು ಕೇಳುವುದಕ್ಕೆ ಕಿವಿಯೂ ಒಗ್ಗಿದೆ. ಹೊಲದ ಬದುವಿನ ಜಗಳ, ಜೀವನಾಂಶದ ಅರ್ಜಿ ಮುಂತಾದವುಗಳಲ್ಲಿ ಕಾಲ ಕಳೆಯುತ್ತಿದ್ದ ನನ್ನ ಮೇಜಿಗೆ, ಎಲ್ಲರ ಕೈಗೂ ಫೋನು ಬಂದ ಮೇಲೆ, ಹೊಸ ಜಾತಿಯ ಪ್ರಕರಣಗಳು ಬರತೊಡಗಿದವು. ಸುರಪುರದ ಕಾಲೇಜು ಹುಡುಗಿಯೊಬ್ಬಳ ಹೆಸರಿನಲ್ಲಿ ಯಾರೋ ಖಾತೆ ತೆರೆದು, ಆಕೆಯ ಮುಖಕ್ಕೆ ಇನ್ನಾರದೋ ಮೈ ಅಂಟಿಸಿದ್ದರು. ಯಾದಗಿರಿಯ ಶಾಲಾ ಶಿಕ್ಷಕಿಯೊಬ್ಬರಿಗೆ ಮದುವೆಯ ಮಾತು ಮುರಿದ ಸಿಟ್ಟಿಗೆ ವರನ ಕಡೆಯವನು ಹಳೆಯ ಫೋಟೋಗಳನ್ನು ತೋರಿಸಿ ಹೆದರಿಸುತ್ತಿದ್ದ. ಇಂಥ ಹೆಣ್ಣುಮಕ್ಕಳೆಲ್ಲ ಮೊದಲ ದಿನ ಹೇಳುವುದು ಒಂದೇ ಮಾತು: "ನನ್ನ ಗೆಳತಿದೊಂದು ಕೇಸ್ ಐತ್ರಿ ಮೇಡಂ." ನಾನೂ ಆ ಗೆಳತಿಯ ಯೋಗಕ್ಷೇಮವನ್ನು ಬಹಳ ಕಾಳಜಿಯಿಂದ ವಿಚಾರಿಸುತ್ತೇನೆ. ಚಹಾ ಬರುತ್ತದೆ. ಚಹಾ ಕುಡಿದು ಮುಗಿಯುವಷ್ಟರಲ್ಲಿ ಗೆಳತಿ ಮೆಲ್ಲಗೆ ಎದ್ದುಹೋಗಿರುತ್ತಾಳೆ, ಕುರ್ಚಿಯಲ್ಲಿ ಕೂತವಳು ಅಳುತ್ತಿರುತ್ತಾಳೆ.

ಮಲ್ಲಮ್ಮ ಮಾತ್ರ ಗೆಳತಿಯನ್ನು ಕರೆದುಕೊಂಡು ಬರಲಿಲ್ಲ. ಆಕೆಯ ನಿಜವಾದ ಹೆಸರು ಅದಲ್ಲ. ನಮ್ಮ ಕಡೆ ಯಾವ ಬಸ್‌ನಿಲ್ದಾಣದಲ್ಲಿ ನಿಂತು "ಮಲ್ಲಮ್ಮಾ" ಎಂದು ಕೂಗಿದರೂ ಅರ್ಧ ಡಜನ್ ಹೆಂಗಸರು ತಿರುಗಿ ನೋಡುವುದರಿಂದ ಆ ಹೆಸರನ್ನು ಆರಿಸಿಕೊಂಡಿದ್ದೇನೆ. ವನದುರ್ಗದ ಆಚೆಯ ಒಂದು ಹಳ್ಳಿಯ, ಕೂಲಿ ನಾಟಿಗೆ ಹೋಗುವ ಹೆಣ್ಣುಮಗಳು. ಕಾಲುವೆಯ ದಂಡೆಯಲ್ಲಿ ಆಕೆ ಸ್ನಾನ ಮಾಡುತ್ತಿದ್ದಾಗ ಅದೇ ಊರಿನ ಯುವಕನೊಬ್ಬ ಜಾಲಿಗಿಡದ ಮರೆಯಲ್ಲಿ ಕೂತು ಫೋನಿನಲ್ಲಿ ವಿಡಿಯೋ ತೆಗೆದಿದ್ದ. ತೆಗೆದದ್ದನ್ನು ಗೆಳೆಯರಿಗೆ ಕಳಿಸಿದ, ಗೆಳೆಯರಿಗೂ ಗೆಳೆಯರಿರುತ್ತಾರಲ್ಲ! ಕೊನೆಗೆ ಯಾರೋ ಪುಣ್ಯಾತ್ಮ, ಪುಣೆಯಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ ಆಕೆಯ ಗಂಡನಿಗೇ ಅದನ್ನು ಕಳಿಸಿದ್ದ. ಗಂಡ ಮಾತು ಕಡಿಮೆಯ ಮನುಷ್ಯ. ಮರುದಿನವೇ ರೈಲು ಹತ್ತಿ ಬಂದು, ಹೆಂಡತಿಯನ್ನು ಕರೆದುಕೊಂಡು ಠಾಣೆಗೆ ಹೋಗಿ ದೂರು ಕೊಟ್ಟ. ಊರ ಹಿರಿಯರು "ಹುಡುಗ ಬುದ್ಧಿ, ತಪ್ಪ್ ಮಾಡ್ಯಾನ, ಹೋಗ್ಲಿ ಬಿಡ್ರಿ" ಎಂದರು, ಅವರು ಬಿಡಲಿಲ್ಲ. ಪ್ರಕರಣ ಕೋರ್ಟಿಗೆ ಬಂತು.

ನನ್ನ ಬಳಿಗೆ ಆಕೆ ಬಂದದ್ದು ಸಾಕ್ಷಿ ಹೇಳಲು ಸಮನ್ಸ್ ಬಂದ ಮೇಲೆ. ಜೊತೆಗೆ ಮಾವ ಹಣಮಪ್ಪ ಬಂದಿದ್ದ. ಆದರೆ ಅವನು ಮೇಲೆ ಬರಲಿಲ್ಲ, ಗೊಬ್ಬರದಂಗಡಿಯ ಕಟ್ಟೆಯ ಮೇಲೆಯೇ ಕೂತ. ಮಲ್ಲಮ್ಮ ಕುರ್ಚಿಯ ತುದಿಯಲ್ಲಿ ಕೂತು, ಗಂಡನ ಫೋನನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದಳು.

"ಕೋರ್ಟಿನ್ಯಾಗ ಎಲ್ಲಾರ ಮುಂದ ಇದನ್ನ ಹಾಕಿ ನೋಡ್ತಾರಂತಲ್ರಿ, ಖರೇನ?" ಎಂದಳು.

"ಯಾರು ಹೇಳಿದ್ರು?"

"ಆ ಹುಡುಗನ ಮಂದಿ ಊರ ತುಂಬ ಹೇಳ್ಯಾರ. ನೋಡಿದವರು ನೋಡಿ ಆತ್ರಿ. ಇನ್ನೊಬ್ಬರು ನೋಡಬಾರದು. ನೋಡ್ತಾರ ಅಂದ್ರ ನಾ ಬರಂಗಿಲ್ಲ, ಕೇಸೂ ಬ್ಯಾಡ, ಏನೂ ಬ್ಯಾಡ. ಮೇಡಂ, ನೀವೂ ನೋಡಬ್ಯಾಡ್ರಿ."

ಫಿರ್ಯಾದಿಯೇ ಬರದಿದ್ದರೆ ಪ್ರಕರಣ ಅಲ್ಲಿಗೆ ಬಿತ್ತು ಎಂದು ಆ ಹುಡುಗನ ಮಂದಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕಳುವಾದ ಎತ್ತಾದರೆ ಕೋರ್ಟಿನ ಅಂಗಳದಲ್ಲಿ ಕಟ್ಟಿ ತೋರಿಸಬಹುದು. ತೋರಿಸಿದ್ದಕ್ಕೆ ಎತ್ತೇನೂ ಮತ್ತೊಮ್ಮೆ ಕಳುವಾಗುವುದಿಲ್ಲ. ಇಂಥ ಪ್ರಕರಣದಲ್ಲಿ ಹಾಗಲ್ಲ. ನ್ಯಾಯ ಮಾಡಲೆಂದು ನೋಡಿದ ಕಣ್ಣೂ ಆಕೆಯ ಲೆಕ್ಕದಲ್ಲಿ ನೋಡಿದ ಕಣ್ಣೇ. ನನಗೆ ಬಹಳ ಸಂಕಟವಾಯಿತು. "ಆತವ್ವಾ, ನಾ ನೋಡಂಗಿಲ್ಲ," ಎಂದು ಮಾತು ಕೊಟ್ಟುಬಿಟ್ಟೆ. ಪತ್ರ ಓದದೆ ವಾದ ಮಾಡುತ್ತೇನೆಂದ ವಕೀಲರನ್ನು ನೀವು ಕಂಡಿರಲಾರಿರಿ. ಅಂದು ನಾನೇ ಅಂಥವಳಾದೆ.

ನೋಡಬಾರದು ಎಂದಳೇ ಹೊರತು ಕೇಳಬಾರದು ಎಂದಿರಲಿಲ್ಲವಲ್ಲ? ಇನ್ನೊಂದು ದಿನ ಆಕೆಯನ್ನೇ ಎದುರಿಗೆ ಕೂರಿಸಿಕೊಂಡು, ಅದರ ಸದ್ದನ್ನಷ್ಟೇ ಕೇಳಲೇ ಎಂದೆ, ಆಕೆ ಒಪ್ಪಿದಳು. ತಾನೇ ಫೋನನ್ನು ಚಾಲೂ ಮಾಡಿ ಬೋರಲು ಹಾಕಿದಳು. ನಾನು ಅದರ ಮೇಲೊಂದು ದಪ್ಪನೆಯ ಫೈಲು ಇಟ್ಟೆ. ನೀರಿನ ಸದ್ದು, ಬಟ್ಟೆ ಒಗೆಯುವ ಸದ್ದು, ಹೆಂಗಸರ ನಗೆ, ಯಾರದೋ ಸೊಸೆಯ ಚಾಡಿ. ಅಷ್ಟರಲ್ಲಿ ದೂರದಿಂದ ಒಂದು ಕೆಮ್ಮು ಕೇಳಿತು, ಅದರ ಹಿಂದೆಯೇ "ಹೊಂಟೇನ್ರೆವ್ವಾ" ಎಂಬ ಕೂಗು. ಹೆಂಗಸರ ಮಾತು ನಿಂತಿತು. "ಜರಾ ತಡೀ ಕಾಕಾ," ಎಂದಿತು ಒಂದು ದನಿ. ಸ್ವಲ್ಪ ಹೊತ್ತಿನ ಮೇಲೆ, "ಹಾಂ, ಹೋಗ್ರಿ." ಚಪ್ಪಲಿಯ ಸದ್ದು ದಾಟಿಹೋಯಿತು. ಮತ್ತೆ ನಗೆ ಶುರುವಾಯಿತು.

"ಅವ್ರು ನಮ್ಮ ಮಾವ," ಎಂದಳು ಮಲ್ಲಮ್ಮ. ಕೆಳಗಿನ ಕಟ್ಟೆಯ ಮೇಲೆ ಕೂತು ಅಂಗಡಿಯವನ ಜೊತೆ ಮಳೆಯ ಮಾತಾಡುತ್ತಿದ್ದ ಅದೇ ಹಣಮಪ್ಪ.

ನನಗೆ ಆ ಹುಡುಗನ ಮೇಲೆ ಮೊದಲ ಸಲ ಮೈ ಉರಿಯುವಷ್ಟು ಸಿಟ್ಟು ಬಂದದ್ದು ಆಗ. ಹೆತ್ತ ತಂದೆಯ ವಯಸ್ಸಿನವನು ಹಾದಿಯಲ್ಲಿ ನಿಂತು ಅಪ್ಪಣೆ ಕೇಳಿದ್ದನ್ನು, ಆ ಅಪ್ಪಣೆ ಸಿಗುವವರೆಗೆ ಕಾದದ್ದನ್ನು, ಜಾಲಿಗಿಡದ ಹಿಂದೆ ಕೂತು ಕಿವಿಯಾರೆ ಕೇಳಿಯೂ ಅವನು ಫೋನು ಕೆಳಗಿಳಿಸಿರಲಿಲ್ಲ. ಈ ಫೋನು ತಯಾರಿಸಿದವರು ಜಾಣರು. ಫೋಟೋ ತೆಗೆದರೆ ಕ್ಲಿಕ್ ಎಂದು ಸದ್ದಾಗುವಂತೆ ಅದಕ್ಕೂ ಒಂದು ಪುಟ್ಟ ಕೆಮ್ಮು ಇಟ್ಟಿದ್ದರು. ನಾವು ಅವರಿಗಿಂತ ಜಾಣರು. ಕೊಂಡ ದಿನವೇ ಅದನ್ನು ಬಂದ್ ಮಾಡಿಟ್ಟೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಿದ್ದ ಕಾಲದಲ್ಲಿ ಹೋಗುವುದಕ್ಕೂ ಒಂದು ಮಿತಿಯಿತ್ತು. ಈಗ ಹೋದದ್ದು ಎಲ್ಲೆಲ್ಲಿಗೆ ಹೋಯಿತೆಂದು ಕಳಿಸಿದವನಿಗೂ ತಿಳಿಯದು.

ಕೋರ್ಟಿನಲ್ಲಿ ನಾನು ಸರ್ಕಾರಿ ವಕೀಲರಿಗೆ ನೆರವಾಗಿ ನಿಂತೆ. ಬಾಗಿಲು ಮುಚ್ಚಿ ವಿಚಾರಣೆ ನಡೆಸಬೇಕೆಂಬ ಅರ್ಜಿಯನ್ನು ಮ್ಯಾಜಿಸ್ಟ್ರೇಟರು ಒಪ್ಪಿದರು. ಅವರು ಮೈಸೂರು ಕಡೆಯ ತರುಣ, ಸಜ್ಜನ. ನಮ್ಮ ಊಟದ ಖಾರಕ್ಕೂ ನಮ್ಮ ಮಾತಿನ ಖಾರಕ್ಕೂ ಇನ್ನೂ ಒಗ್ಗುತ್ತಿದ್ದರು. ಆರೋಪಿಯ ಪರ ನಿಂತವರು ನಮ್ಮೂರಿನ ಹಿರಿಯ ವಕೀಲರು, ನನ್ನನ್ನು ತಂಗಿ ಎಂದೇ ಕರೆಯುವವರು. ಚಿತ್ರ ತೆಗೆದ ಫೋನು ತಮ್ಮ ಕಕ್ಷಿದಾರನದೇ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಪ್ರಯೋಗಾಲಯದ ವರದಿಯ ಮುಂದೆ ಅದು ನಡೆಯುವಂತೆಯೂ ಇರಲಿಲ್ಲ. ಅವರು ಹಿಡಿದದ್ದು ಬೇರೆ ಪಟ್ಟು. ಕಾಲುವೆ ಸರ್ಕಾರದ್ದು, ದಂಡೆ ಸಾರ್ವಜನಿಕರ ಹಾದಿ, ಬಯಲಿನಲ್ಲಿ ಮಾಡಿದ್ದನ್ನು ದಾರಿಹೋಕರೆಲ್ಲ ನೋಡಬಹುದಾದ ಮೇಲೆ ಅಲ್ಲಿ ಖಾಸಗಿತನ ಎಲ್ಲಿಂದ ಬಂತು? ಬಯಲೋ ಮರೆಯೋ ಎಂಬುದು ದೃಶ್ಯ ನೋಡಿದರೆ ತಾನೇ ತಿಳಿಯುತ್ತದೆ, ಕೋರ್ಟು ಅದನ್ನು ಹಾಕಿಸಿ ನೋಡಲಿ.

ಮಲ್ಲಮ್ಮ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಆಕೆಯ ಸಾಕ್ಷ್ಯ ಆಗಲೇ ಮುಗಿದಿತ್ತು. ಕೇಳಿದ್ದಕ್ಕೆಲ್ಲ ನೆಲ ನೋಡುತ್ತ, ಕೇಳಿಸೀ ಕೇಳಿಸದಂತೆ ಉತ್ತರ ಹೇಳಿದ್ದಳು. ಈ ಮಾತು ಕಿವಿಗೆ ಬಿದ್ದದ್ದೇ ನನ್ನ ಕೋಟಿನ ತೋಳು ಹಿಡಿದುಕೊಂಡಳು.

ಮ್ಯಾಜಿಸ್ಟ್ರೇಟರು ನನ್ನತ್ತ ನೋಡಿದರು. "ಪ್ರಶ್ನೆ ಸರಿಯಾಗೇ ಇದೆಯಲ್ಲ ಮೇಡಂ? ದಂಡೆ ಮೇಲೆ ಯಾರು ಬೇಕಾದ್ರೂ ಓಡಾಡಬಹುದು. ಅಲ್ಲಿ ಯಾರೂ ನೋಡಲ್ಲ ಅಂತ ಆಕೆ ಹೇಗೆ ನಂಬೋದಕ್ಕಾಗುತ್ತೆ?"

ದೊಡ್ಡ ಕೋರ್ಟುಗಳ ತೀರ್ಪುಗಳನ್ನು ನಾನು ಕಟ್ಟು ಕಟ್ಟಿಕೊಂಡು ಹೋಗಿದ್ದೆ. ಜಾಗ ಬಯಲೇ ಆದರೂ ಹೆಣ್ಣಿಗೆ ತನ್ನ ಮಾನವನ್ನು ಯಾರೂ ಕದಿಯಲಾರರೆಂದು ನಂಬುವ ಹಕ್ಕಿದೆ ಎಂಬ ಕಾನೂನಿನ ಮಾತನ್ನು ಓದಿ ಹೇಳಿದೆ. ಅವರು ತಲೆದೂಗಿದರು. ತಲೆದೂಗಿ, "ಹಕ್ಕು ಸರಿ. ಆದರೆ ಈ ಊರಲ್ಲಿ ಅಂಥ ನಂಬಿಕೆ ಇತ್ತು ಅನ್ನೋದಕ್ಕೆ ಏನಾದ್ರೂ ಸಾಕ್ಷ್ಯ ಇದೆಯಾ?" ಎಂದರು. ಇದೆ, ಅದಕ್ಕಾಗಿ ಒಬ್ಬ ಸಾಕ್ಷಿಯನ್ನು ಕರೆಸಿದ್ದೇವೆ ಎಂದರು ನಮ್ಮ ಸರ್ಕಾರಿ ವಕೀಲರು.

ಜವಾನ ಬಾಗಿಲು ಸರಿಸಿ, ನಮ್ಮ ಕೋರ್ಟುಗಳ ಸಂಪ್ರದಾಯದಂತೆ ಹಣಮಪ್ಪನ ಹೆಸರನ್ನು ರಾಗವಾಗಿ ಕೂಗಿ, ಬಾಗಿಲನ್ನು ಮತ್ತೆ ಮುಂದೆ ಮಾಡಿ ಬಂದ. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಬರಲಿಲ್ಲ. ಹೊರಗೆ ಯಾರೋ ಕೆಮ್ಮಿದರು. "ಸಾಕ್ಷಿ ಗೈರುಹಾಜರು ಅಂತ ಬರೆದುಕೊಳ್ಳಬಹುದಲ್ರಿ ಸ್ವಾಮಿ," ಎಂದರು ಹಿರಿಯ ವಕೀಲರು. ಬೆಳಗ್ಗೆ ನಾನೇ ಅವನನ್ನು ಬಾಗಿಲ ಬಳಿ ಕೂರಿಸಿ ಬಂದಿದ್ದೆ. ಮತ್ತೆ ಕೆಮ್ಮು, ಈ ಸಲ ಇನ್ನೂ ಜೋರಾಗಿ. ಮ್ಯಾಜಿಸ್ಟ್ರೇಟರಿಗೆ ಬೇಸರ ಬಂತು.

"ಯಾರ್ರೀ ಅದು ಬಾಗಿಲಲ್ಲಿ ಕೆಮ್ಮುತ್ತಾ ಇರೋದು? ಆಸ್ಪತ್ರೆಗೆ ಕಳಿಸ್ರಿ ಅವರನ್ನ."

ಆಗ ನನ್ನ ತೋಳು ಹಿಡಿದಿದ್ದ ಕೈ ಸಡಿಲವಾಯಿತು. ಮದುವೆಯಾಗಿ ಬಂದಂದಿನಿಂದ ಮಾವನೆದುರು ಗಟ್ಟಿಯಾಗಿ ಮಾತಾಡದಿದ್ದ, ಆ ಕೋಣೆಯಲ್ಲಂತೂ ಪಿಸುಮಾತು ಬಿಟ್ಟು ಏನೂ ಆಡದಿದ್ದ ಮಲ್ಲಮ್ಮ ಎದ್ದು ನಿಂತು ಬಾಗಿಲ ಕಡೆ ತಿರುಗಿ ಕೂಗಿದಳು: "ಬರ್ರಿ ಮಾವ!"

ಬಾಗಿಲು ಸರಿಯಿತು. ಹಣಮಪ್ಪ ಚಪ್ಪಲಿ ಹೊರಗೆ ಬಿಟ್ಟು, ರುಮಾಲು ಸರಿಮಾಡಿಕೊಳ್ಳುತ್ತ, ಮುಖವನ್ನು ಗೋಡೆಯ ಕಡೆ ಇಟ್ಟುಕೊಂಡು ಒಳಗೆ ಬಂದ.

"ಕೂಗಿದ್ದು ಕೇಳಿಸಲಿಲ್ವೇನ್ರಿ?" ಎಂದರು ಮ್ಯಾಜಿಸ್ಟ್ರೇಟರು.

"ಕೇಳಿಸ್ತ್ರಿ ಸಾಹೇಬ್ರ."

"ಮತ್ತೆ ಯಾಕೆ ಬರಲಿಲ್ಲ?"

ಹಣಮಪ್ಪ ಗಾಬರಿಯಾದ. ತಪ್ಪು ಮಾಡಿದೆನೇ ಎಂಬಂತೆ ನನ್ನತ್ತ ನೋಡಿದ. "ಬಾಗಲಾ ಮುಚ್ಚಿತ್ರಿ. ಒಳಗ ಹೆಣ್ಮಕ್ಕಳು ಅದಾರ ಅಂತ ಗೊತ್ತಿತ್ತು. ಕರದದ್ದು ಗಂಡಸು. ಒಳಗಿನ ಹೆಣ್ಮಕ್ಕಳು ಬಾ ಅಂದಿದ್ದಿಲ್ಲಲ್ರಿ."

ಬೆರಳಚ್ಚಿನ ಹೆಣ್ಣುಮಗಳು ಇದನ್ನೂ ಬಡಿಯಬೇಕೋ ಬೇಡವೋ ಎಂದು ಮೇಲೆ ನೋಡಿದಳು. "ಬರ್ಕೊಳ್ಳಿ," ಎಂದರು ಮ್ಯಾಜಿಸ್ಟ್ರೇಟರು. ಆಮೇಲೆ ತಾವೇ ಪ್ರಶ್ನೆ ಕೇಳತೊಡಗಿದರು: ಕಾಲುವೆ ದಂಡೆಯಲ್ಲೂ ಹೀಗೇನಾ? ಎಲ್ಲರೂ ಕೆಮ್ಮುತ್ತಾರಾ? ಉತ್ತರ ಬರದಿದ್ದರೆ? ಹಣಮಪ್ಪನಿಗೆ ಇವರು ಇಷ್ಟು ಓದಿ ಇದನ್ನೇಕೆ ಕೇಳುತ್ತಿದ್ದಾರೆಂದು ತಿಳಿಯದೆ ತಬ್ಬಿಬ್ಬಾಗಿ, ನಡುವೆ ತನ್ನ ಎಮ್ಮೆಯ ಕಥೆಯನ್ನೂ ತಂದ. ಹಿರಿಯ ವಕೀಲರು ಪಾಟೀಸವಾಲಿಗೆ ಎದ್ದರು. "ಏನಪ್ಪಾ, ನಿನಗ ಕೆಮ್ಮಿನ ಬ್ಯಾನಿ ಐತೇನು?" "ಇಲ್ರಿ ಧಣಿ." "ಸುಮ್ಮನ ಹೋದ್ರ ಏನಾಗ್ತಿತ್ತು?" ಹಣಮಪ್ಪ ಅವರ ಮುಖವನ್ನು ನೋಡಿ, "ನೀವಾದ್ರ ಸುಮ್ಮನ ಹೋಗ್ತಿದ್ರೇನ್ರಿ?" ಎಂದು ನಿಜವಾದ ಕುತೂಹಲದಿಂದ ಕೇಳಿದ. ಸಾಕ್ಷಿ ಪ್ರಶ್ನೆ ಕೇಳಬಾರದೆಂದು ಗದರಿಸಬೇಕಾಗಿದ್ದ ಹಿರಿಯರು, "ಮುಗೀತ್ರಿ ಸ್ವಾಮಿ," ಎಂದು ಕೂತುಬಿಟ್ಟರು.

ಕೊನೆಗೆ ಕೋರ್ಟು ಆ ತುಣುಕಿನ ಸದ್ದನ್ನು ಮಾತ್ರ ಕೇಳಿತು, ಪರದೆಗೆ ಹಾಳೆ ಹೊದಿಸಿ. ಅದೇ ನೀರು, ಅದೇ ನಗೆ, ಅದೇ ಕೆಮ್ಮು, "ಜರಾ ತಡೀ ಕಾಕಾ." ಆಮೇಲೆ ಹೊರಗೆ ಬಂದು, ಹುಣಸೆಮರದ ಕೆಳಗೆ ಹಿರಿಯ ವಕೀಲರು ನನ್ನನ್ನು ತಡೆದು, "ತಂಗಿ, ಆ ಚಿತ್ರ ನಾನೂ ನೋಡಿಲ್ಲವ್ವಾ. ನಮ್ಮ ಮನ್ಯಾಗೂ ಹೆಣ್ಮಕ್ಕಳು ಅದಾರ," ಎಂದರು. ಹಾಗಾದರೆ ಹಾಕಿಸಿ ನೋಡಿ ಎಂದು ಹಟ ಹಿಡಿದದ್ದೇಕೆ ಎಂದು ನಾನು ಕೇಳಲಿಲ್ಲ. ನಮ್ಮ ವೃತ್ತಿಯಲ್ಲಿ ಅದು ಹಳೆಯ ಪಟ್ಟು. ತೋರಿಸುತ್ತೇವೆಂದು ಹೆದರಿಸಿದರೆ ಎಷ್ಟೋ ಹೆಣ್ಣುಮಕ್ಕಳು ಮನೆಗೆ ಹೋಗಿಬಿಡುತ್ತಾರೆ. ಅವರ ಮೇಲೆ ನನಗಿನ್ನೂ ಪ್ರೀತಿಯಿದೆ, ಆ ಪಟ್ಟಿನ ಮೇಲೆ ಮಾತ್ರ ಅಸಹ್ಯ.

ತೀರ್ಪು ನಮ್ಮ ಕಡೆ ಆಯಿತು. ಅದರಿಂದ ಎಲ್ಲ ಸರಿಹೋಯಿತೆಂದು ನಿಮಗೆ ಸುಳ್ಳು ಹೇಳಲಾರೆ. ಗೆಳೆಯರ ಗೆಳೆಯರ ಫೋನುಗಳಲ್ಲಿ ಆ ತುಣುಕು ಎಲ್ಲಾದರೂ ಇದ್ದೀತು. ಅಳಿಸಿದೆನೆಂದವರು ಅಳಿಸಿದ್ದಾರೆಂದು ನಾನು ಯಾವ ಧೈರ್ಯದಿಂದ ಹೇಳಲಿ? ಮರೆ ಎನ್ನುವುದನ್ನು ನಮಗೆ ನಾವೇ ಕಟ್ಟಿಕೊಳ್ಳಲಾರೆವು. ದಾರಿಯಲ್ಲಿ ಹೋಗುವ ಇನ್ನೊಬ್ಬರು ಮುಖ ತಿರುಗಿಸಿ ಅದನ್ನು ನಮಗೆ ಕೊಡಬೇಕು; ಕೊಡದವನಿಗೆ ಕೋರ್ಟು ಶಿಕ್ಷೆ ಕೊಡಬಹುದಷ್ಟೆ.

ತೀರ್ಪಿನ ನಕಲು ಕೈಗೆ ಬಂದ ದಿನ ಮಲ್ಲಮ್ಮನನ್ನು ಕರೆಸಿದೆ. ಆಕೆಗೆ ಓದು ಬಾರದು. ನಾನು ಗೆದ್ದ ಉಮೇದಿನಲ್ಲಿ, ಹುಡುಗನಿಗೆ ಎಷ್ಟು ಶಿಕ್ಷೆಯಾಯಿತು ಎಂಬ ಕೊನೆಯ ಪುಟಕ್ಕೇ ಕೈ ಹಾಕಿದ್ದೆ. "ಮೊದಲಿಂದ ಓದ್ರಿ," ಎಂದಳು. ಮೊದಲಿನಿಂದ ಓದಿದೆ; ಕೋರ್ಟಿನ ಕನ್ನಡವನ್ನು ನಮ್ಮ ಕನ್ನಡಕ್ಕೆ ತರುತ್ತ, ಬಿಡುವಲ್ಲಿ ಬಿಡುತ್ತ. ಹಣಮಪ್ಪನ ಎಮ್ಮೆ ತೀರ್ಪಿನೊಳಗೂ ಸೇರಿಕೊಂಡಿದ್ದು ಕೇಳಿ ನಕ್ಕಳು. ಹಾಗೇ ಓದುತ್ತ ನಡುವಿನ ಒಂದು ಸಾಲಿಗೆ ಬಂದೆ: "ಸದರಿ ದೃಶ್ಯವನ್ನು ವೀಕ್ಷಿಸುವ ಅಗತ್ಯ ಈ ನ್ಯಾಯಾಲಯಕ್ಕೆ ಕಂಡುಬಂದಿರುವುದಿಲ್ಲ, ಮತ್ತು ನ್ಯಾಯಾಲಯವು ಅದನ್ನು ವೀಕ್ಷಿಸಿರುವುದಿಲ್ಲ."

"ಅಂದ್ರ?"

"ಅಂದ್ರ ಜಡ್ಜ್ ಸಾಹೇಬ್ರು ನೋಡಿಲ್ಲವ್ವಾ."

"ನೀವು?"

"ನಾನೂ ನೋಡಿಲ್ಲ."

ಮಲ್ಲಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಮೊದಲ ಸಲ ಪೂರ್ತಿ ಒರಗಿ ಕೂತಳು. "ಅದನ್ನ ಇನ್ನೊಮ್ಮಿ ಓದ್ರಿ ಮೇಡಂ. ನಿಮ್ಮ ಮಾತಿನ್ಯಾಗ ಬ್ಯಾಡ, ಅವರು ಬರದಂಗ ಓದ್ರಿ," ಎಂದಳು. ಓದಿದೆ. ಕಣ್ಣು ಮುಚ್ಚಿಕೊಂಡು, ತುಟಿ ಅಲುಗಿಸುತ್ತ, ಒಂದೊಂದೇ ಪದವನ್ನು ಬಾಯಿಪಾಠ ಮಾಡಿಕೊಂಡಳು. ಶಿಕ್ಷೆಯ ಪುಟಕ್ಕೆ ನಾವು ಅಂದು ಹೋಗಲೇ ಇಲ್ಲ.